ನಿನ್ನ ಒಳ್ಳೆಯದಕ್ಕೇ

ಆ ಸುದ್ದಿಯನ್ನು ನಾನು ನೋಡಿದ್ದು ಸಾಗರದ ಬಸ್ ನಿಲ್ದಾಣದಲ್ಲಿ, ಹೊಸನಗರದ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತ ಮೇಲೆ. ಸಮುದ್ರದಾಚೆಯ ಒಂದು ದೇಶದ ಸಣ್ಣ ಪಟ್ಟಣದಲ್ಲಿ, ಹುಡುಗಿಯರಿಗೆ ಪಾಠ ನಡೆಯುತ್ತಿದ್ದ ಮನೆಯೊಂದಕ್ಕೆ ಬಂದೂಕು ಹಿಡಿದವರು ನುಗ್ಗಿದ್ದರು. ಪಾಠ ಹೇಳುತ್ತಿದ್ದ ಹೆಂಗಸನ್ನೂ ಅವಳೆದುರು ಕುಳಿತಿದ್ದ ಮಕ್ಕಳಲ್ಲಿ ಕೆಲವರನ್ನೂ ಕೊಂದಿದ್ದರು. ಮೊಬೈಲಿನ ಪರದೆಯ ಮೇಲೆ ಒಂದು ಕೋಣೆ, ಚಾಪೆ, ಗೋಡೆಗೆ ಒರಗಿಸಿದ ಕಪ್ಪುಹಲಗೆ. ಹಲಗೆಯ ಮೇಲೆ ನನಗೆ ಓದಲು ಬಾರದ ಲಿಪಿಯಲ್ಲಿ ಅರ್ಧ ಬರೆದ ಒಂದು ಸಾಲು. ಅದರ ಕೆಳಗೆ ಕೊಂದವರು ಕಳಿಸಿದ ಹೇಳಿಕೆಯ ಸಾರಾಂಶ ಇತ್ತು. ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು, ನಮ್ಮ ಹೆಣ್ಣುಮಕ್ಕಳ ಒಳ್ಳೆಯದಕ್ಕಾಗಿಯೇ ಹೀಗೆ ಮಾಡಬೇಕಾಯಿತು ಎಂದಿದ್ದರು.

ಬಸ್ಸು ಹೊರಟಿತು. ನಾನು ಆ ಹೇಳಿಕೆಯನ್ನು ಎರಡು ಸಲ ಓದಿ ಫೋನನ್ನು ಚೀಲದೊಳಗೆ ಹಾಕಿದೆ. ಅಷ್ಟರಲ್ಲಿ ಆ ದಿನದ ಪಾಠ ಹೇಗೆ ಮಾಡಬೇಕೆಂದು ತಲೆಯಲ್ಲಿ ಸಿದ್ಧವಾಗಿತ್ತು. ಸತ್ತವರ ಬಗ್ಗೆ ಮರುಗುವ ಮೊದಲೇ ಪಾಠಕ್ಕೆ ಒಂದು ಉದಾಹರಣೆ ಸಿಕ್ಕಿತೆಂದು ನನಗೆ ಹುರುಪು ಬಂದಿತ್ತು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ನಾನು ಹೊಸನಗರದ ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇರುವುದು ಸಾಗರದಲ್ಲಿ, ಬಾಡಿಗೆಯ ಮಹಡಿಮನೆಯಲ್ಲಿ, ಒಬ್ಬಳೇ. ಕೆಳಗಿನ ಮನೆಯವರು ಒಳ್ಳೆಯವರು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಹೊರಟ್ರಾ ಎನ್ನುತ್ತಾರೆ, ಸಂಜೆ ಹತ್ತುವಾಗ ಬಂದ್ರಾ ಎನ್ನುತ್ತಾರೆ. ಕಾಲೇಜಿನ ಹೊರಗೆ ನಾನು ಬಾಯಿ ಬಿಡುವುದು ಆ ಎರಡು ಪ್ರಶ್ನೆಗಳಿಗೆ ಹೂಂ ಅನ್ನಲಿಕ್ಕೆ ಮಾತ್ರ ಎನ್ನುವಂಥ ದಿನಗಳು ಎಷ್ಟೋ ಇವೆ. ರವಿವಾರ ಅದೂ ಇರುವುದಿಲ್ಲ. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಕೂಗುವಾಗ ಗಂಟಲು ಕೆರೆಯುತ್ತದೆ.

ಆ ಸೆಮಿಸ್ಟರಿಗೆ ಪಠ್ಯವಾಗಿದ್ದ ಕಾದಂಬರಿಯಲ್ಲಿ ಒಬ್ಬ ಪಟೇಲ ಬರುತ್ತಾನೆ. ಹಗಲು ಹೊತ್ತಿನಲ್ಲಿ ಊರಿನ ಯಾರ ಮನೆಯ ಬಾಗಿಲೂ ಮುಚ್ಚಿರಕೂಡದು ಎಂಬುದು ಅವನ ಕಟ್ಟಳೆ. ದಾರಿಯಲ್ಲಿ ನಡೆದು ಹೋಗುವಾಗ ಅವನಿಗೆ ಪ್ರತಿ ಮನೆಯ ಒಳಗೂ ಕಾಣಬೇಕು. ಮೊದಲ ನೂರು ಪುಟಗಳಲ್ಲಿ ಅವನು ಯಾರ ಮೈಮೇಲೂ ಕೈ ಮಾಡುವುದಿಲ್ಲ. ಯಾರಿಗಾದರೂ ಜ್ವರ ಬಂದರೆ ಔಷಧಿ ಕಳಿಸುತ್ತಾನೆ, ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಅವರಿಗಿಂತ ಮೊದಲು ತಿಳಿದುಕೊಂಡಿರುತ್ತಾನೆ. ಆಮೇಲೆ ಒಬ್ಬ ಹೆಂಗಸು ಯಾವ ಕಾರಣವನ್ನೂ ಕೊಡದೆ ತನ್ನ ಬಾಗಿಲು ಹಾಕಿಕೊಳ್ಳುತ್ತಾಳೆ. ವಾರದೊಳಗೆ ಅವಳ ಮನೆ ಸುಡುತ್ತದೆ.

ಆ ದಿನ ನಾನು ಕಾದಂಬರಿಯನ್ನೂ ಸುದ್ದಿಯನ್ನೂ ಜೋಡಿಸಿ ಮಾತಾಡಿದೆ. ಬಂದೂಕು ಕಥೆಯ ಕೊನೆಯಲ್ಲಿ ಬರುವಂಥದ್ದು ಎಂದೆ. ಅದಕ್ಕೂ ಮೊದಲು ಒಬ್ಬ ಮನುಷ್ಯ ಇನ್ನೊಬ್ಬರ ಮನಸ್ಸು ತನಗೆ ಸೇರಿದ್ದು ಎಂದುಕೊಳ್ಳುತ್ತಾನೆ, ಅಲ್ಲಿಂದ ಶುರು ಎಂದೆ. ಸಾಹಿತ್ಯ ನಮಗೆ ಆ ಶುರುವನ್ನು ತೋರಿಸುತ್ತದೆ, ಸುದ್ದಿ ಕೊನೆಯನ್ನು ಮಾತ್ರ ತೋರಿಸುತ್ತದೆ ಎಂದೂ ಹೇಳಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸಿತ್ತು.

ಎರಡನೇ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. ನಿಟ್ಟೂರಿನ ಕಡೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುವ, ಹೆಚ್ಚು ಮಾತಾಡದ ಹುಡುಗಿ.

"ಮೇಡಂ, ಪಟೇಲಂಗೆ ಯಾವ್ದರ ಹೆದ್ರಿಕೆ?"

ನನಗೆ ಅರ್ಥವಾಗಲಿಲ್ಲ. ಊರೆಲ್ಲ ಅವನಿಗೆ ಹೆದರುತ್ತದಲ್ಲ, ಅವನಿಗೆ ಯಾವ ಹೆದರಿಕೆ ಎಂದೆ.

"ಅಲ್ಲ ಮೇಡಂ, ಒಂದು ಬಾಗ್ಲು ಹಾಕಿದ್ರೆ ಅವಂಗೆ ಅಷ್ಟು ತಡ್ಕಳಕ್ಕೆ ಆಗಲ್ಲ ಅಂದ್ರೆ, ಒಳಗೆ ಎಂತದೋ ಹೆದ್ರಿಕೆ ಇರ್ಬೇಕಲ್ವಾ."

ಹದಿನೈದು ವರ್ಷಗಳಲ್ಲಿ ಮೂರು ಬ್ಯಾಚಿಗೆ ಆ ಕಾದಂಬರಿ ಕಲಿಸಿದ್ದೆ. ನನ್ನ ನೋಟ್ಸಿನಲ್ಲಿ ಅಧಿಕಾರ, ಭೂಮಿ, ಜಾತಿ ಎಲ್ಲದರ ಬಗ್ಗೆಯೂ ಇತ್ತು, ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂದಿನ ತರಗತಿಯಲ್ಲಿ ನೋಡೋಣ ಎಂದು ಹೇಳಿ ಎಲ್ಲರಿಗೂ ಒಂದು ಬರಹದ ಕೆಲಸ ಕೊಟ್ಟೆ: ಬಂದೂಕೂ ಬೆಂಕಿಯೂ ಇಲ್ಲದೆ ನಡೆಯುವ ಒಂದು ಹಿಡಿತದ ಬಗ್ಗೆ, ನೀವು ಕಂಡದ್ದನ್ನೇ ಬರೆಯಿರಿ.

ಆ ರವಿವಾರ ಊಟದ ಮೇಜಿನ ಮೇಲೆ ನೋಟ್‌ಬುಕ್ಕುಗಳನ್ನು ಪೇರಿಸಿಕೊಂಡು ಕುಳಿತೆ. ಹೆಚ್ಚಿನವರು ಸರ್ಕಾರದ ಬಗ್ಗೆ, ವಾರ್ಡನ್ನಿನ ಬಗ್ಗೆ ಬರೆದಿದ್ದರು. ನಿಟ್ಟೂರು ಕಡೆಯ ಹುಡುಗಿ ತನ್ನ ಅಣ್ಣನ ಬಗ್ಗೆ ಬರೆದಿದ್ದಳು. ಅವಳ ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವನು ಆ ಅಣ್ಣನೇ. ಪ್ರತಿ ಸಂಜೆ ಅವನು ತಂಗಿಯ ಫೋನು ತೆಗೆದು ನೋಡುತ್ತಾನೆ, ಯಾವ ಗೆಳತಿಯ ಜೊತೆ ಮಾತು ಸಾಕು ಎಂದು ಹೇಳುತ್ತಾನೆ. ಒಮ್ಮೆಯೂ ಹೊಡೆದಿಲ್ಲ, ಬೈದಿಲ್ಲ. ಪೇಟೆಗೆ ಹೋದರೆ ಅವಳಿಗೆ ಇಷ್ಟವಾದ ಬೇಕರಿ ತಿಂಡಿ ತರುತ್ತಾನೆ. ಕೊನೆಯ ಸಾಲಿನಲ್ಲಿ ಅವಳು ಬರೆದಿದ್ದಳು: ಅಣ್ಣ ಮನೆಯಲ್ಲಿರುವಾಗ ನಾನು ಯೋಚನೆಯನ್ನೂ ಮೆಲ್ಲಗೆ ಮಾಡುತ್ತೇನೆ.

'ಯೋಚನೆ' ಎಂಬುದನ್ನು ಅವಳು ತಪ್ಪಾಗಿ ಬರೆದಿದ್ದಳು. ನನ್ನ ಕೆಂಪು ಪೆನ್ನು ಆ ಪದದ ಮೇಲೆ ಇಳಿದು ಅಲ್ಲೇ ನಿಂತಿತು. ನಿಂತದ್ದು ಯಾಕೆಂದು ಹೇಳಬೇಕಾದರೆ ನನ್ನ ತಂಗಿಯ ವಿಷಯ ಹೇಳಬೇಕು.

ನನಗೂ ಅವಳಿಗೂ ಹನ್ನೊಂದು ವರ್ಷದ ಅಂತರ. ಅಪ್ಪ ಅವಳು ಹುಟ್ಟಿದ ಎರಡನೇ ವರ್ಷಕ್ಕೇ ತೀರಿಹೋಗಿದ್ದರು. ಅಮ್ಮ ಪ್ರಾಥಮಿಕ ಶಾಲೆಯ ಟೀಚರು. ಅಮ್ಮ ತೀರಿಕೊಂಡಾಗ ನನಗೆ ಇಪ್ಪತ್ತನಾಲ್ಕು, ತಂಗಿಗೆ ಹದಿಮೂರು. ನೆಂಟರು ಅವಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು, ನಾನು ಬಿಡಲಿಲ್ಲ. ಮದುವೆಯ ಮಾತುಗಳು ಬಂದವು, ಅವಳ ಓದು ಮುಗಿಯಲಿ ಎಂದು ಅವನ್ನೆಲ್ಲ ಮುಂದೆ ತಳ್ಳಿದೆ. ಇದನ್ನೆಲ್ಲ ನಾನು ಎಷ್ಟೋ ವರ್ಷ ತ್ಯಾಗ ಎಂದೇ ಕರೆದುಕೊಂಡಿದ್ದೆ.

ಅವಳು ದಿನಚರಿ ಬರೆಯುತ್ತಿದ್ದಳು. ಹದಿನಾರರ ವಯಸ್ಸು. ಒಂದು ದಿನ ಹಾಸಿಗೆ ಮಡಿಸುವಾಗ ಅದು ಸಿಕ್ಕಿತು. ಪೂರ್ತಿ ಓದಿದೆ. ಅಂಥದ್ದೇನೂ ಇರಲಿಲ್ಲ, ಒಬ್ಬ ಸಹಪಾಠಿಯ ನಗುವಿನ ಬಗ್ಗೆ ಒಂದು ಪುಟ, ನನ್ನ ಬಗ್ಗೆ ಅರ್ಧ ಪುಟ. ಓದಿ ಸುಮ್ಮನೆ ಇಟ್ಟಿದ್ದರೂ ಆಗುತ್ತಿತ್ತು. ನಾನು ಕೆಂಪು ಪೆನ್ನು ತೆಗೆದುಕೊಂಡು ಒತ್ತಕ್ಷರದ ತಪ್ಪುಗಳನ್ನೆಲ್ಲ ತಿದ್ದಿ ಅವಳ ಮೇಜಿನ ಮೇಲೆ ಇಟ್ಟೆ. ನಾನು ಓದಿದ್ದೇನೆಂದು ಅವಳಿಗೆ ಗೊತ್ತಾಗಬೇಕಿತ್ತು, ಅದಕ್ಕೇ. ಆಮೇಲೆ ಅವಳು ಬರೆದದ್ದನ್ನು ನಾನು ಕಾಣಲಿಲ್ಲ. ನನಗೆ ಆಗ ಸಮಾಧಾನವೇ ಆಗಿತ್ತು.

ಅವಳಿಗೆ ಗಿಡಗಳೆಂದರೆ ಜೀವ. ಪದವಿ ಮುಗಿಸುವ ಹೊತ್ತಿಗೆ ಬೆಂಗಳೂರಿನಲ್ಲಿ ತೋಟಗಾರಿಕೆಯ ಒಂದು ವಸತಿ ತರಬೇತಿಗೆ ಅರ್ಜಿ ಹಾಕಿದಳು. ಹಾಕುವಾಗ ನನ್ನನ್ನು ಕೇಳಿದ್ದಳು, ನಾನು ಹಾಕು ಎಂದೇ ಹೇಳಿದ್ದೆ. ಸಂದರ್ಶನದ ಕಾಗದ ಬಂದಾಗ ಅವಳು ಮನೆಯಲ್ಲಿರಲಿಲ್ಲ, ಪೋಸ್ಟಿನವರು ನನ್ನ ಕೈಗೆ ಕೊಟ್ಟರು. ತಾಳಗುಪ್ಪದಿಂದ ಹೊರಡುವ ರೈಲಿನಲ್ಲಿ ಅವಳು ಹೋಗುವುದನ್ನೂ, ನಾನು ಸ್ಟೇಷನ್ನಿನಿಂದ ಒಬ್ಬಳೇ ಮನೆಗೆ ಬಂದು ಬೀಗ ತೆಗೆಯುವುದನ್ನೂ ಯೋಚಿಸಿದೆ. ಆ ಕಾಗದವನ್ನು ಅಮ್ಮನ ಟ್ರಂಕಿನಲ್ಲಿ, ಸೀರೆಗಳ ಅಡಿಗೆ ಇಟ್ಟೆ. ಬೆಂಗಳೂರು ಅವಳಂಥವಳಿಗೆ ಅಲ್ಲ, ಅವಳ ಒಳ್ಳೆಯದಕ್ಕೇ ಎಂದುಕೊಂಡೆ. ತಾರೀಖು ದಾಟಿತು. ತನ್ನನ್ನು ಕರೆಯಲೇ ಇಲ್ಲವೆಂದು ಅವಳು ಎರಡು ದಿನ ಅತ್ತಳು. ನಾನು ಅವಳ ತಲೆ ಸವರಿದೆ, ಅವಳಿಗಿಷ್ಟದ ಸಿಹಿತಿಂಡಿ ತೊಡದೇವು ಮಾಡಿಕೊಟ್ಟೆ, ಮುಂದಿನ ವರ್ಷ ನೋಡೋಣ ಎಂದೆ.

ಮುಂದಿನ ವರ್ಷ ಯಾರದ್ದೋ ಮದುವೆಗೆ ಉಡಲು ಅಮ್ಮನ ಸೀರೆ ತೆಗೆಯುವಾಗ ಕಾಗದ ಅವಳಿಗೆ ಸಿಕ್ಕಿತು. ನಾನು ಅಡುಗೆಮನೆಯಲ್ಲಿದ್ದೆ. ಅವಳು ಕಾಗದವನ್ನು ತಂದು ಒಲೆಯ ಕಟ್ಟೆಯ ಮೇಲೆ ಇಟ್ಟು ನನ್ನ ಮುಖ ನೋಡಿದಳು. ಜಗಳವಾಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಒಂದು ಚೀಲ ಹಿಡಿದುಕೊಂಡು ಹೊರಟಳು. ಅದಾಗಿ ಹದಿಮೂರು ವರ್ಷ. ಅವಳ ಮದುವೆಯಾಯಿತೆಂದು ನೆಂಟರಿಂದ ಕೇಳಿದೆ. ತೀರ್ಥಹಳ್ಳಿಯ ಹೊರಗೆ ರಸ್ತೆಬದಿಯಲ್ಲಿ ಸಸಿಗಳ ನರ್ಸರಿ ಮಾಡಿದ್ದಾಳೆಂದೂ ಕೇಳಿದ್ದೆ.

ಆ ರವಿವಾರ ನಾನು ಹುಡುಗಿಯ ನೋಟ್‌ಬುಕ್ಕಿಗೆ ಅಂಕ ಹಾಕಲಿಲ್ಲ, ತಿದ್ದಲಿಲ್ಲ. ಸೋಮವಾರ ಅವಳನ್ನು ಸ್ಟಾಫ್ ರೂಮಿನ ಹೊರಗೆ ಕರೆದು, ನಿನ್ನ ಅಣ್ಣನ ಜೊತೆ ನಾನು ಮಾತಾಡುತ್ತೇನೆ, ನಂಬರು ಕೊಡು ಎಂದೆ. ನೆರವಾಗುತ್ತಿದ್ದೇನೆಂದು ನನಗೆ ನಂಬಿಕೆ ಇತ್ತು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಬ್ಯಾಡ ಮೇಡಂ. ನಾನು ಬರ್ದಿದ್ದು ನೀವು ಓದ್ಲಿ ಅಂತ. ನೀವು ಎಂತಾದ್ರೂ ಮಾಡ್ಲಿ ಅಂತ ಅಲ್ಲ."

ಆಮೇಲೆ ಅವಳು ಒಂದು ಸಹಾಯ ಕೇಳಿದಳು. ಆ ನೋಟ್‌ಬುಕ್ಕು ಮನೆಗೆ ಹೋಗುವುದು ಬೇಡ, ಕಾಲೇಜಿನಲ್ಲೇ ನನ್ನ ಕಪಾಟಿನಲ್ಲಿ ಇರಲಿ, ತಾನು ಬಿಡುವಿನ ಹೊತ್ತಿನಲ್ಲಿ ಬಂದು ಬರೆದು ಮತ್ತೆ ಅಲ್ಲೇ ಇಡುವುದಾಗಿ ಹೇಳಿದಳು, ನಾನು ಮಾತ್ರ ಅದನ್ನು ಓದಬಾರದು. ಆಗಲಿ ಎಂದೆ. ಕಪಾಟಿನ ಇನ್ನೊಂದು ಬೀಗದ ಕೈಯನ್ನೂ ಅವಳಿಗೇ ಕೊಟ್ಟೆ. ಆ ವರ್ಷ ಪೂರ್ತಿ ಅವಳು ಬರೆದಳು, ನಾನು ಓದಲಿಲ್ಲ. ಓದಬೇಕೆನ್ನಿಸಿದ ದಿನಗಳು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪರೀಕ್ಷೆ ಮುಗಿದ ದಿನ ಅವಳು ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋದಳು. ಈಗ ಶಿವಮೊಗ್ಗದಲ್ಲಿ ಮುಂದೆ ಓದುತ್ತಿದ್ದಾಳೆ. ಅಣ್ಣನೇ ಸೇರಿಸಿ ಬಂದನಂತೆ. ಅದು ಹೇಗೆ ಆಯಿತೆಂದು ನಾನು ಕೇಳಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಬೇಡ ಮೇಡಂ ಎಂದು ಅವಳು ಹೇಳಿದ ಆ ವಾರವೇ, ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾನು ಸಾಗರದ ಬಸ್ಸು ಹತ್ತದೆ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ಮುಂಚೆ ಫೋನು ಮಾಡಲಿಲ್ಲ, ನಂಬರು ನನ್ನಲ್ಲಿ ಇರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಪಟೇಲ, ಮುಚ್ಚಿದ ಬಾಗಿಲು, ಆ ಕಪ್ಪುಹಲಗೆ ಎಲ್ಲವೂ ಅದರಲ್ಲಿದ್ದವು.

ನರ್ಸರಿ ಹುಡುಕುವುದು ಕಷ್ಟವಾಗಲಿಲ್ಲ. ಹಸಿರು ಬಲೆಯ ಚಪ್ಪರ, ಅದರಡಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲುಸಾಲಾಗಿ ಕಾಳುಮೆಣಸು, ಜಾಯಿಕಾಯಿ, ಹಲಸಿನ ಸಸಿಗಳು. ತಂಗಿ ಒಂದು ಮಣೆಯ ಮೇಲೆ ಕುಳಿತು ಜಾಯಿಕಾಯಿ ಸಸಿಗೆ ಕಸಿ ಕಟ್ಟುತ್ತಿದ್ದಳು. ತಲೆಯಲ್ಲಿ ಕೆಲವು ಬಿಳಿಗೂದಲು ಬಂದಿದ್ದವು. ನನ್ನನ್ನು ಕಂಡಾಗ ಅವಳ ಕೈಯಲ್ಲಿದ್ದ ಬ್ಲೇಡು ಒಂದು ಕ್ಷಣ ನಿಂತಿತು, ಮತ್ತೆ ನಡೆಯಿತು. ಸೀಳಿದ ಕಾಂಡದಲ್ಲಿ ಕುಡಿಯನ್ನು ಇಟ್ಟು ಪಟ್ಟಿ ಸುತ್ತಿ ಮುಗಿಸಿದ ಮೇಲೆಯೇ ಅವಳು ಮಾತಾಡಿದ್ದು.

"ಎಂತಕ್ಕೆ ಬಂದೆ ಅಕ್ಕ?"

ಅಕ್ಕ ಎಂದಳಲ್ಲ ಎಂದು ಧೈರ್ಯ ಬಂತು. ನಾನು ಜೋಡಿಸಿಕೊಂಡಿದ್ದ ಮಾತು ಶುರು ಮಾಡಿದೆ. ಸುದ್ದಿಯಲ್ಲಿ ಬಂದ ಆ ಕೊಲೆಗಳು, ಕೊಂದವರ ಹೇಳಿಕೆ, ನಾನು ಕಲಿಸುವ ಕಾದಂಬರಿ, ಹಿಡಿತ ಎಂಬುದು ಪ್ರೀತಿಯ ವೇಷದಲ್ಲಿ ಬರುವುದು. ಅವಳು ಇನ್ನೊಂದು ಸಸಿ ಕೈಗೆತ್ತಿಕೊಂಡು ಕೇಳಿದಳು. ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿ ತಡೆದಳು.

"ಅದನ್ನೆಲ್ಲ ಕ್ಲಾಸಲ್ಲಿ ಹೇಳು. ಇಲ್ಲಿ, ನೀ ಎಂತ ಮಾಡಿದ್ದೆ ಅದನ್ನ ಹೇಳು."

ಹೇಳಿದೆ. ದಿನಚರಿಯಿಂದ ಶುರುಮಾಡಿ ಟ್ರಂಕಿನವರೆಗೆ ಒಂದೊಂದನ್ನೇ ಹೇಳಿದೆ. ಪುಸ್ತಕದ ಮಾತಿಲ್ಲದೆ ಹೇಳುವುದು ಬಹಳ ಕಷ್ಟವಾಯಿತು, ವಾಕ್ಯಗಳು ಸಣ್ಣ ಸಣ್ಣದಾಗಿ ಬಂದವು. ಯಾಕೆ ಮಾಡಿದೆ ಎಂದು ಅವಳು ಕೇಳಲಿಲ್ಲ, ನಾನೇ ಹೇಳಿದೆ. ನೀನು ಹೋದರೆ ಸಂಜೆ ಆ ಮನೆಯಲ್ಲಿ ನಾನೊಬ್ಬಳೇ ಆಗುತ್ತೇನೆಂದು ಹೆದರಿದ್ದೆ, ನಿನ್ನ ಒಳ್ಳೆಯದು ಎಂದದ್ದೆಲ್ಲ ಸುಳ್ಳು, ನನ್ನ ಹೆದರಿಕೆಯೇ ಅದು ಎಂದೆ. ಎರಡನೇ ಬೆಂಚಿನ ಪ್ರಶ್ನೆಗೆ ನನ್ನಲ್ಲಿದ್ದ ಉತ್ತರ ಅದೊಂದೇ.

ಅವಳು ಬ್ಲೇಡನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟು ನಮ್ಮ ಮನೆಮಾತಿನಲ್ಲಿ ಹೇಳಿದಳು.

"ಕಾಗದ ಮುಚ್ಚಿಟ್ಟಿದ್ದು ಹೋಗ್ಲಿ. ಬ್ಯಾರೆಯವ್ರ ಮನೇಲೂ ಮುಚ್ಚಿಡ್ತ. ಆನು ಅಳ್ತಾ ಇಪ್ಪಕಾದ್ರೆ ನೀ ತಲೆ ಸವರಿದ್ಯಲೆ. ಅದನ್ನ ಮರೆಯಲೆ ಆಗ್ತಿಲ್ಲೆ."

ಕ್ಷಮಿಸು ಎಂದು ಹೇಳಬೇಕೆಂದು ಬಂದಿದ್ದೆ. ಆದರೆ ಆ ಮಾತು ಆಡಿದರೆ ಅವಳಿಂದ ಮತ್ತೆ ಏನನ್ನೋ ಕೇಳಿ ಪಡೆದಂತಾಗುತ್ತದೆ ಅನ್ನಿಸಿತು. ತಪ್ಪು ಮಾಡಿದೆ ಎಂದು ಮಾತ್ರ ಹೇಳಿದೆ. ಅವಳು ಹೂಂ ಎಂದಳು.

ಗಿರಾಕಿಯೊಬ್ಬರು ಬಂದರು. ಪಂಚೆ ಉಟ್ಟ, ಹತ್ತು ಮೆಣಸಿನ ಸಸಿ ಬೇಕಾಗಿದ್ದ ರೈತ. ತಂಗಿ ಎದ್ದು ಹೋಗಿ ಯಾವ ಮರಕ್ಕೆ ಹಬ್ಬಿಸುತ್ತೀರಿ, ನೆರಳು ಎಷ್ಟಿದೆ ಎಂದೆಲ್ಲ ಕೇಳಿ ಆರಿಸಿ ಕೊಟ್ಟಳು. ಅವಳು ಹಾಗೆ ಧೈರ್ಯವಾಗಿ, ನಗುತ್ತ, ಕೈ ಬೀಸಿ ಮಾತಾಡುವುದನ್ನು ನಾನು ನಮ್ಮ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ರೈತ ಹೋದ ಮೇಲೆ ಫ್ಲಾಸ್ಕಿನಿಂದ ಎರಡು ಲೋಟ ಚಹಾ ಬಗ್ಗಿಸಿದಳು. ಗಂಡ ಪಿಕಪ್ಪಿನಲ್ಲಿ ಸಸಿ ಮುಟ್ಟಿಸಲು ಕೊಪ್ಪದ ಕಡೆ ಹೋಗಿದ್ದಾನೆಂದಳು. ತೋಟಗಾರಿಕೆಯನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಬೇರೆ ನರ್ಸರಿಯೊಂದರಲ್ಲಿ ನಾಲ್ಕು ವರ್ಷ ಕೂಲಿ ಮಾಡುತ್ತ ಕಲಿತೆ ಎಂದಳು.

ನಾನು ಹೊರಟಾಗ ಅವಳು ರಸ್ತೆಯವರೆಗೆ ಬಂದಳು.

"ಮತ್ತೆ ಬಾ ಅಂತ ಆನು ಹೇಳ್ತಿಲ್ಲೆ. ಬರಡ ಅಂತಲೂ ಹೇಳ್ತಿಲ್ಲೆ."

ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತೆ. ಆ ದೂರದ ದೇಶದಲ್ಲಿ ಚಾಪೆಯ ಮೇಲೆ ಸತ್ತ ಮಕ್ಕಳ ನೆನಪು ನನಗೆ ನಿಜವಾಗಿ ಬಂದದ್ದು ಆಗ. ಕೊಂದವರೂ ನಾನೂ ಒಂದೇ ಎಂದು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸತ್ತವರಿಗೆ ಅವಮಾನ, ನನ್ನ ತಪ್ಪಿಗೂ ಒಂದು ದೊಡ್ಡಸ್ತಿಕೆ ಬಂದುಬಿಡುತ್ತದೆ. ನನ್ನ ತಂಗಿ ಬದುಕಿದ್ದಾಳೆ, ಚೀಲ ಹಿಡಿದು ಹೊರಟಾಗ ಅವಳನ್ನು ಯಾರೂ ಗುಂಡು ಹೊಡೆದು ನಿಲ್ಲಿಸಲಿಲ್ಲ. ಆ ಹುಡುಗಿಯರಿಗೆ ಹೊರಡುವ ದಾರಿಯೂ ಇರಲಿಲ್ಲ. ಆ ವ್ಯತ್ಯಾಸ ಬದುಕು ಸಾವಿನದು. ಆದರೆ ಅವರ ಹೇಳಿಕೆಯಲ್ಲಿದ್ದ ಆ ಒಂದು ಮಾತು ನನ್ನ ಬಾಯಲ್ಲೂ ಇತ್ತು, ಎಷ್ಟೋ ವರ್ಷ, ಏನೂ ಅನ್ನಿಸದೆ.

ಈಗಲೂ ಆ ಕಾದಂಬರಿಯನ್ನು ಕಲಿಸುತ್ತೇನೆ. ಸುದ್ದಿಗಳೂ ಬರುತ್ತಲೇ ಇವೆ, ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ನಂಬಿಕೆಗಳ ಹೆಸರಿನಲ್ಲಿ. ತರಗತಿಯಲ್ಲಿ ಎರಡನ್ನೂ ಈಗಲೂ ಜೋಡಿಸುತ್ತೇನೆ, ಆದರೆ ಬೇಗ ಜೋಡಿಸುವುದಿಲ್ಲ. ಮೊದಲು ಸುದ್ದಿಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ. ಆಮೇಲೆ ಪಟೇಲನ ಹೆದರಿಕೆ ಯಾವುದೆಂದು ನಾನೇ ಕೇಳುತ್ತೇನೆ. ಪ್ರತಿ ಸಲ ಬೇರೆ ಉತ್ತರ ಬರುತ್ತದೆ.

ತೀರ್ಥಹಳ್ಳಿಗೆ ಆಮೇಲೆ ಮೂರು ಸಲ ಹೋಗಿದ್ದೇನೆ. ಒಮ್ಮೆ ತಂಗಿಯ ಗಂಡ ಇದ್ದರು, ನಮಸ್ಕಾರ ಹೇಳಿ ಪಿಕಪ್ಪು ತೊಳೆಯಲು ಹೋದರು. ಕಳೆದ ಸಲ ಹೋದಾಗ ಮಳೆಗಾಲದ ಮುಂಚಿನ ವ್ಯಾಪಾರ, ಜನ ಬಂದು ಹೋಗುತ್ತಲೇ ಇದ್ದರು. ತಂಗಿಗೆ ಪುರಸೊತ್ತಿರಲಿಲ್ಲ. ಏನಾದರೂ ಮಾಡಲೇ ಎಂದು ಕೇಳಿದ್ದಕ್ಕೆ, ಬೇಡ, ಕುಳಿತಿರು ಎಂದಳು. ಬೆಂಚಿನ ಮೇಲೆ ಒಂದು ಗಂಟೆ ಕುಳಿತಿದ್ದೆ. ಸಸಿಗಳನ್ನು ಹಾಗಿಡಬೇಕು ಹೀಗಿಡಬೇಕು ಎಂದು ಒಂದೆರಡು ಸಲ ಬಾಯಿಗೆ ಬಂತು, ನುಂಗಿಕೊಂಡೆ. ನಾಲ್ಕೂವರೆಯ ಬಸ್ಸಿಗೆ ಹೊರಟೆ ಎಂದಾಗ ಅವಳು ದೂರದಿಂದಲೇ ತಲೆಯಾಡಿಸಿದಳು. ಆ ದಿನ ನಾವಿಬ್ಬರೂ ಆಡಿದ ಮಾತು ಹತ್ತು ಇರಲಿಕ್ಕಿಲ್ಲ. ರಸ್ತೆಗೆ ಬಂದು ನಿಂತೆ, ಬಸ್ಸು ತಡವಾಗಿತ್ತು.